ಅಂಕ ಸಿಗದ ಭಾಷೆಗೆ ಮಕ್ಕಳು ಯಾಕೆ ಬರುತ್ತಾರೆ? ಮಂಡ್ಯದ ಒಂದು ಜಪಾನಿ ತರಗತಿಯ ಪ್ರಕರಣ

ಯಾವ ಭಾಷೆಗೆ ಎಷ್ಟು ಮಕ್ಕಳು ಸೇರಿದರು ಅನ್ನುವ ಪಟ್ಟಿ ನೋಡಿ ಅವರ ಆಸಕ್ತಿ ಅಳೆಯಲು ಹೊರಟರೆ ಮೋಸ ಹೋಗುತ್ತೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಬಹುಕಾಲದಿಂದ ಪ್ರಥಮ ಭಾಷೆಗೆ 125 ಅಂಕ, ಬೇರೆ ವಿಷಯಗಳಿಗೆ 100. ಆ 125ನ್ನು ಪೂರ್ತಿ ಬಾಚಿಕೊಳ್ಳಬಹುದು ಅನ್ನುವ ಲೆಕ್ಕದಲ್ಲಿ ಸಂಸ್ಕೃತ ತೆಗೆದುಕೊಳ್ಳುವುದು ನಮ್ಮಲ್ಲಿ ಹಳೇ ರೂಢಿ. 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ರಚನೆಯಾದದ್ದೇ ಪ್ರೌಢಶಾಲೆಯಲ್ಲಿ ಸಂಸ್ಕೃತಕ್ಕಿದ್ದ ಈ ಸ್ಥಾನದ ಮೇಲಿನ ತಕರಾರಿನಿಂದ. 1981ರಲ್ಲಿ ವರದಿ ಬಂತು, ಅದು ಚಳವಳಿಯೂ ಆಯಿತು, ಅಂಕದ ಲೆಕ್ಕಾಚಾರ ಮಾತ್ರ ಉಳಿದುಕೊಂಡಿತು. ಹಾಗಾಗಿ ಸಂಸ್ಕೃತಕ್ಕೆ ಬಂದ ಮಗು ಭಾಷೆಗೆ ಬಂತೋ ಅಂಕಕ್ಕೆ ಬಂತೋ ಪಟ್ಟಿಯಿಂದ ಗೊತ್ತಾಗುವುದಿಲ್ಲ.

ಅದು ಗೊತ್ತಾಗಬೇಕಾದರೆ ಅಂಕವೇ ಇಲ್ಲದ ಕಡೆ ನೋಡಬೇಕು. ಮಂಡ್ಯ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿಗೆ ಶುರುವಾಗುವ ಜಪಾನಿ ತರಗತಿ ಅಂಥದ್ದು. ಎಸ್‌ಎಸ್‌ಎಲ್‌ಸಿ ಭಾಷೆಗಳ ಪಟ್ಟಿಯಲ್ಲಿ ಜಪಾನಿ ಇಲ್ಲ, ವೇಳಾಪಟ್ಟಿಯಲ್ಲಿ ಪೀರಿಯಡ್ ಇಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಕಾಲಮ್ ಇಲ್ಲ. ಶಾಲೆಯ ಹೆಸರನ್ನು ಇಲ್ಲಿ ಹೇಳಿಲ್ಲ. ಇದು ಒಂದೇ ಕಟ್ಟಡದ ಕಥೆಯೂ ಅಲ್ಲ, ಇಂಥ ತರಗತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಒಂದು ಪ್ರಕರಣವಾಗಿ ಕೂಡಿಸಿದ್ದು.

ಶಾಲೆಯಲ್ಲಿ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಎರಡೂ ಉಂಟು. ಮಕ್ಕಳಲ್ಲಿ ಹೆಚ್ಚಿನವರು ಕೆರಗೋಡು, ಬಸರಾಳು, ದುದ್ದ ಕಡೆಯಿಂದ ಬಸ್ಸಿನಲ್ಲಿ ಬರುವವರು. ಜಪಾನಿ ಬಲ್ಲ ಶಿಕ್ಷಕಿ ಬೆಂಗಳೂರಿನಿಂದ ಸ್ಮಾರ್ಟ್ ಕ್ಲಾಸಿನ ಪರದೆಯಲ್ಲಿ ಪಾಠ ಮಾಡುತ್ತಾರೆ. ಕೊಠಡಿಯಲ್ಲಿ ಮಕ್ಕಳ ಜೊತೆ ಶಾಲೆಯದೇ ಒಬ್ಬ ಶಿಕ್ಷಕರು ಕೂರುತ್ತಾರೆ. ಮೊದಲು ದಿನಾ ಸಂಜೆ ನಾಲ್ಕೂವರೆಗೆ ಅಂತ ಇಟ್ಟಿದ್ದರು. ಎರಡನೇ ವಾರಕ್ಕೆ ಹಳ್ಳಿಯ ಹುಡುಗಿಯರೆಲ್ಲ ಖಾಲಿ. ಆಸಕ್ತಿ ಹೋದದ್ದಲ್ಲ, ಬಸ್ಸು ಹೋಗುತ್ತಿತ್ತು. ಶನಿವಾರ ಶಾಲೆ ಅರ್ಧ ದಿನಕ್ಕೆ ಬಿಟ್ಟ ಮೇಲೆ ಒಂದೂವರೆ ಗಂಟೆ, ಮಂಗಳವಾರ ಮತ್ತು ಗುರುವಾರ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಉಕ್ತಲೇಖನ ಅಂತ ಬದಲಾಯಿಸಿದ ಮೇಲೆ ಬಂದವರೇ ನಿಜವಾದ ತರಗತಿ.

ಸೇರುವಾಗ ಒಂದು ಫಾರಂ ತುಂಬಿಸುತ್ತಾರೆ. ‘ಈ ಭಾಷೆಯನ್ನು ಯಾಕೆ ಕಲಿಯಲು ಬಯಸುತ್ತೀರಿ?’ ಅನ್ನುವುದಕ್ಕೆ ಒಂದು ಬೆಂಚಿನ ಉತ್ತರ ಇಡೀ ಸಾಲಿನ ಉತ್ತರ: ‘ಜಪಾನಿಗೆ ಹೋಗಿ ಕೆಲಸ ಮಾಡಲು.’ ಈ ಫಾರಂ ಯಾವ ಕೆಲಸಕ್ಕೂ ಬಾರದು. ಕೆಲಸದ ಮಾತು ಮನೆಯವರದು. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ, 2007ರಿಂದ ಅದರ ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ಜಪಾನ್ ಅಂದರೆ ಈ ಕಡೆ ಅಪ್ಪ ಅಮ್ಮಂದಿರಿಗೆ ದೂರದ ದೇಶವಲ್ಲ, ಬಿಡದಿಯ ಗೇಟು. ಇದರಿಂದ ಮನೆಯ ಒಪ್ಪಿಗೆ ಸಿಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಹದಿಮೂರು ವರ್ಷದ ಮಗುವನ್ನು ಶನಿವಾರ ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂರಿಸುವ ಶಕ್ತಿ ಅಪ್ಪನ ಕಾರಣಕ್ಕಿಲ್ಲ.

ನಿಜವಾದ ಕಾರಣ ಬೇಕಿದ್ದರೆ ಆರು ವಾರ ಬಿಟ್ಟು, ‘ಯಾಕೆ’ ಅನ್ನುವ ಪದವನ್ನೇ ಬಳಸದೆ ಕೇಳಬೇಕು. ‘ಈ ವಾರ ಮನೇಲಿ ಯಾರಿಗಾದ್ರೂ ಏನಾದ್ರೂ ಹೇಳ್ಕೊಟ್ಯಾ? ಯಾವ್ದು?’ ‘ಕ್ಲಾಸಲ್ಲಿ ಯಾವ ಹೊತ್ತಲ್ಲಿ ಬೇಜಾರಾಯ್ತು?’ ‘ನಿನ್ ಪಕ್ಕ ಕೂತಿದ್ದೋನು ಯಾಕೆ ಬರ್ತಿಲ್ಲ?’ ಕೊನೆಯ ಪ್ರಶ್ನೆಯಲ್ಲಿ ‘ಯಾಕೆ’ ಇದ್ದರೂ ಪರವಾಗಿಲ್ಲ, ಇನ್ನೊಬ್ಬರ ವಿಷಯದಲ್ಲಿ ಮಕ್ಕಳು ನಿಜ ಹೇಳುತ್ತಾರೆ. ಉತ್ತರಗಳನ್ನು ಫಾರಂ ಪಕ್ಕ ಇಟ್ಟು ನೋಡಿದರೆ ಮೂರು ಬಗೆ ಕಾಣುತ್ತದೆ.

ಗೆಳೆಯರು ಬಂದರು ಅಂತ ಬಂದವರು ಒಂದು ಬಗೆ. ಇವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗೆಳೆಯ ಬಿಟ್ಟರೆ ಇವರೂ ಬಿಡುತ್ತಾರೆ.

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ನೋಡಿ ಬಂದವರು ಇನ್ನೊಂದು. ಇವರು ಮೊದಲ ದಿನವೇ ‘ನಾನಿ’, ‘ಬಾಕಾ’, ‘ಒರೆ’ ಅಂತ ಗದ್ದಲ ಎಬ್ಬಿಸುತ್ತಾರೆ. ತರಗತಿಯಲ್ಲಿ ಕಲಿಸುವುದು ‘ದೆಸ್’, ‘ಮಸ್’ ಅಂತ ಮುಗಿಯುವ ಮರ್ಯಾದೆಯ ಮಾತು, ಅನಿಮೆಯಲ್ಲಿ ಇರುವುದು ಗೆಳೆಯರ, ಜಗಳದ ಮಾತು. ಕೇಳಿದ್ದಕ್ಕೂ ಕಲಿತದ್ದಕ್ಕೂ ತಾಳೆಯಾಗದೆ ಮೂರನೇ ವಾರಕ್ಕೆ ಇವರ ಮುಖ ಬಾಡುತ್ತದೆ. ‘ಅದೆಲ್ಲ ಕೆಟ್ಟ ಭಾಷೆ, ಬಿಡು’ ಅಂದುಬಿಟ್ಟರೆ ಮಾರನೇ ಶನಿವಾರ ಬೆಂಚು ಖಾಲಿ. ಐದು ನಿಮಿಷ ಅವರ ಸಾಮಾನನ್ನೇ ಎತ್ತಿಕೊಳ್ಳುವುದು ವಾಸಿ: ‘ಇಕುಜೊ’ ಅಂತ ಕೇಳಿದೀಯಲ್ಲ, ಅದನ್ನೇ ಹೆಡ್ಮಾಸ್ಟರ ಎದುರು ‘ಇಕಿಮಸ್’ ಅನ್ನಬೇಕು. ‘ಹೋಗ್ತೀನಿ ಕಣ್ಲಾ’ಗೂ ‘ಹೋಗ್ತೀನಿ ಸಾ’ಗೂ ಇರುವ ಅಂತರ ಮಂಡ್ಯದ ಹುಡುಗನಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ಬಗೆಯೇ ಈ ಪ್ರಕರಣದ ತಿರುಳು. ಫಾರಂನಲ್ಲಿ ಯಾರೂ ಬರೆಯದ, ಕೇಳಿದರೆ ಬೇರೆ ಬೇರೆ ಮಾತಿನಲ್ಲಿ ಹೊರಬರುವ ಕಾರಣ ಇದು: ‘ಇಂಗ್ಲಿಷಲ್ಲಾದ್ರೆ ಕಾನ್ವೆಂಟಿನೋರು ಮುಂದಿರ್ತಾರೆ ಸಾ. ಇದ್ರಲ್ಲಿ ಅವ್ರಿಗೂ ಬರಲ್ಲ, ನಮ್ಗೂ ಬರಲ್ಲ.’ ಎಂಟನೇ ತರಗತಿಗೆ ಬರುವ ಹೊತ್ತಿಗೆ ಗಣಿತದಲ್ಲಿ ಯಾರು, ಇಂಗ್ಲಿಷಿನಲ್ಲಿ ಯಾರು ಅನ್ನುವುದು ಕೊಠಡಿಯಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ. ಎಲ್ಲರೂ ಸೊನ್ನೆಯಿಂದ ಶುರು ಮಾಡುವ ವಿಷಯ ಆ ವಯಸ್ಸಿಗೆ ಇನ್ನೊಂದು ಸಿಗುವುದಿಲ್ಲ. ಬಂದವರಲ್ಲಿ ಉಳಿಯುವವರು ಹೆಚ್ಚಾಗಿ ಈ ಬಗೆಯವರು, ಅದರಲ್ಲೂ ಕನ್ನಡ ಮಾಧ್ಯಮದವರು. ಅವರು ಉಳಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದು ಜಪಾನಿ ವ್ಯಾಕರಣದ ಒಳಗೇ ಇದೆ.

‘ನಾನು ನೀರನ್ನು ಕುಡಿಯುತ್ತೇನೆ’: ‘ವತಶಿ ವ ಮಿಜು ಒ ನೊಮಿಮಸ್.’ ಕರ್ತೃ, ಕರ್ಮ, ಕ್ರಿಯಾಪದ ಅದೇ ಸಾಲಿನಲ್ಲಿ ನಿಂತಿವೆ. ‘ಅನ್ನು’ ಇರುವ ಕಡೆ ‘ಒ’. ‘ಐದು ಗಂಟೆಗೆ’ ಅಂದರೆ ‘ಗೊಜಿ ನಿ’, ‘ಗೆ’ ಇರುವ ಕಡೆ ‘ನಿ’. ‘ಇಂದ’ಕ್ಕೆ ‘ಕರ’, ‘ವರೆಗೆ’ಗೆ ‘ಮದೆ’. ‘ನಾನೂ’ ಅನ್ನುವಲ್ಲಿನ ಊಕಾರಕ್ಕೆ ‘ಮೊ’. ‘ಬರುತ್ತೀರಾ’ ಅನ್ನುವಲ್ಲಿನ ಆಕಾರಕ್ಕೆ ‘ಕ’. ‘ಬರುತ್ತೇನೆ ಎಂದು ಹೇಳಿದ’ ಅನ್ನುವಲ್ಲಿನ ‘ಎಂದು’ಗೆ ‘ತೊ’. ‘ನಿನ್ನೆ ಓದಿದ ಪುಸ್ತಕ’ವನ್ನು ಇಂಗ್ಲಿಷಿಗೆ ತಿರುಗಿಸುವಾಗ ವಾಕ್ಯ ತಲೆಕೆಳಗಾಗುತ್ತದೆ. ಜಪಾನಿಯಲ್ಲಿ ‘ಕಿನೋ ಯೊಂದ ಹೊನ್’, ಪದಕ್ಕೆ ಪದ ಇಟ್ಟರೆ ಆಯಿತು. ಇನ್ನೂ ಒಳಗೆ ಹೋದರೆ, ‘ತಿಂದು’ಗೆ ‘ತಬೆತೆ’, ‘ತಿಂದು ನೋಡು’ವುದಕ್ಕೆ ‘ತಬೆತೆ ಮಿರು’. ಈ ‘ಮಿರು’ವಿನ ಅರ್ಥವೂ ನೋಡು ಅಂತಲೇ. ‘ತಿಂದುಬಿಟ್ಟ’ ಅನ್ನಲು ‘ತಬೆತೆ ಶಿಮತ್ತ’. ಕೃದಂತಾವ್ಯಯಕ್ಕೆ ಇನ್ನೊಂದು ಧಾತು ಅಂಟಿಸುವ ನಮ್ಮದೇ ಕ್ರಮ.

‘ನನಗೆ ಹಣ್ಣು ಇಷ್ಟ’ ಅನ್ನುವುದನ್ನು ನೋಡಿ. ಇಂಗ್ಲಿಷಿನ ದಾರಿಯಲ್ಲಿ ಬಂದ ಮಗು ಹಣ್ಣನ್ನು ಕರ್ಮ ಅಂದುಕೊಂಡು ‘ಕುದಮೊನೊ ಒ’ ಅನ್ನುತ್ತದೆ, ತಪ್ಪಾಗುತ್ತದೆ. ಕನ್ನಡದಲ್ಲಿ ಹಣ್ಣು ಪ್ರಥಮಾ ವಿಭಕ್ತಿಯಲ್ಲಿದೆ, ಜಪಾನಿಯಲ್ಲೂ ‘ಕುದಮೊನೊ ಗ ಸುಕಿ’. ‘ನನಗೆ ಅರ್ಥವಾಗುತ್ತೆ’ ಅನ್ನುವುದಕ್ಕೂ ಇದೇ ‘ಗ’. ಅಣ್ಣ, ತಮ್ಮ, ಅಕ್ಕ, ತಂಗಿ ನಾಲ್ಕಕ್ಕೂ ಜಪಾನಿಯಲ್ಲಿ ನಾಲ್ಕು ಬೇರೆ ಪದಗಳಿವೆ. ಜನರನ್ನು ಎಣಿಸುವಾಗ ನಾವು ಒಬ್ಬರು, ಇಬ್ಬರು ಅಂತ ಬೇರೆ ರೂಪ ಬಳಸುವ ಹಾಗೇ ಅವರು ‘ಹಿತೊರಿ’, ‘ಫುತರಿ’ ಅನ್ನುತ್ತಾರೆ. ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬರುವ ಮಗು ಇಲ್ಲಿ ಮುಂದಿರುತ್ತದೆ ಅನ್ನುವ ಖಾತ್ರಿಯಿಲ್ಲ, ಎಷ್ಟೋ ಸಲ ಹಿಂದೆ ಬೀಳುತ್ತದೆ. ಇದು ಕೊಠಡಿಗೆ ಗೊತ್ತಾಗಲು ನಾಲ್ಕೈದು ಶನಿವಾರ ಸಾಕು.

ಹೀಗಾಗಿ ಮಕ್ಕಳ ಜೊತೆ ಕೂರುವ ಸ್ಥಳೀಯ ಶಿಕ್ಷಕರು ಯಾರಾಗಿರಬೇಕು ಅನ್ನುವುದು ಸಣ್ಣ ವಿಷಯವಲ್ಲ. ವಿದೇಶಿ ಭಾಷೆ ಅಂದ ಕೂಡಲೇ ಶಾಲೆಗಳು ಇಂಗ್ಲಿಷ್ ಶಿಕ್ಷಕರನ್ನು ಹಾಕುತ್ತವೆ. ಕನ್ನಡ ಪಂಡಿತರನ್ನು ಹಾಕಿದರೆ ಕೆಲಸ ಅರ್ಧ ಹಗುರ. ವಿಭಕ್ತಿ ಪ್ರತ್ಯಯದ ಪಟ್ಟಿಯನ್ನು ಬೋರ್ಡಿನ ಎಡಕ್ಕೆ ಬರೆದು ಬಲಕ್ಕೆ ಜಪಾನಿಯದನ್ನು ಬರೆಯಲು ಅವರಿಗೆ ಜಪಾನಿ ಬರಬೇಕಾಗಿಲ್ಲ. ಒಂದು ಎಚ್ಚರಿಕೆ ಬೇಕು. ಈ ಹೋಲಿಕೆ ಕಂಡ ಉತ್ಸಾಹದಲ್ಲಿ ‘ಜಪಾನಿಯೂ ನಮ್ಮದೇ ದ್ರಾವಿಡ ಭಾಷೆ’ ಅಂತ ಹೇಳಿಬಿಡುವವರಿದ್ದಾರೆ. ಸುಸುಮು ಓನೊ ಎಂಬ ಜಪಾನಿನ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟು ಉಂಟೆಂದು ವಾದಿಸಿದ್ದರು, ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ರಚನೆ ಹೋಲುತ್ತದೆ ಅಂದರೆ ಸಾಕು.

ಕನ್ನಡ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಮೊದಲೇ ತಿಳಿದಿರಬೇಕು. ‘ನಾಯಿ ಇದೆ’, ‘ಮೇಜು ಇದೆ’, ಕನ್ನಡದಲ್ಲಿ ಎರಡೂ ನಪುಂಸಕ. ಜಪಾನಿಯಲ್ಲಿ ಜೀವವಿರುವ ನಾಯಿಗೆ ‘ಇಮಸ್’, ಮೇಜಿಗೆ ‘ಅರಿಮಸ್’. ಮಕ್ಕಳು ನಾಯಿಗೂ ಹಸುವಿಗೂ ತಪ್ಪದೆ ‘ಅರಿಮಸ್’ ಹಾಕುತ್ತಾರೆ. ‘ಮನೆಯಲ್ಲಿ ಇದ್ದೇನೆ’, ‘ಮನೆಯಲ್ಲಿ ಓದುತ್ತೇನೆ’, ನಮಗೆ ಎರಡಕ್ಕೂ ‘ಅಲ್ಲಿ’ ಸಾಕು. ಅವರಿಗೆ ಇರುವಿಕೆಯಾದರೆ ‘ನಿ’, ಕೆಲಸ ನಡೆಯುವ ಜಾಗವಾದರೆ ‘ದೆ’. ‘ಬಸ್ಸಲ್ಲಿ ಬಂದೆ’ ಅನ್ನುವುದಕ್ಕೂ ‘ದೆ’ ಸರಿಹೋಗುವುದರಿಂದ ಮಗು ‘ಅಲ್ಲಿ’ ಕಂಡಲ್ಲೆಲ್ಲ ‘ದೆ’ ಜಡಿಯುತ್ತದೆ. ‘ಇದ್ದೇನೆ, ಇದೆ ಬಂದರೆ ನಿ’ ಅಂತ ಒಂದೇ ನಿಯಮ ಕೊಟ್ಟು, ಉಳಿದದ್ದನ್ನು ಎರಡನೇ ವರ್ಷಕ್ಕೆ ಬಿಡಬೇಕು. ‘ಈ’, ‘ಆ’ ಎರಡೇ ನಮ್ಮಲ್ಲಿ. ಅವರಲ್ಲಿ ‘ಕೊನೊ’, ‘ಸೊನೊ’, ‘ಅನೊ’ ಮೂರು. ಕೇಳುವವನ ಹತ್ತಿರ ಇರುವ ವಸ್ತುವಿಗೆ ಬೇಕಾದ ‘ಸೊನೊ’ ಮಕ್ಕಳ ಬಾಯಲ್ಲಿ ಬರುವುದೇ ಇಲ್ಲ. ‘ವ’ಗೂ ‘ಗ’ಗೂ ಇರುವ ವ್ಯತ್ಯಾಸವನ್ನು ಎಂಟನೇ ತರಗತಿಯಲ್ಲಿ ಬಿಡಿಸಲು ಕೂರಬಾರದು, ಉದಾಹರಣೆಗಳಿಂದ ರೂಢಿಯಾಗಲಿ.

ಉಚ್ಚಾರಣೆಯಲ್ಲಿ ಮಂಡ್ಯದ ಮಕ್ಕಳಿಗೆ ಒಂದು ತೊಡಕಿದೆ. ಈ ಕಡೆಯ ಆಡುಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಜಪಾನಿಯಲ್ಲಿ ‘ಹನ’ ಅಂದರೆ ಹೂವು, ‘ಅನ’ ಅಂದರೆ ತೂತು. ‘ಹಶಿ’ ಸೇತುವೆ, ‘ಅಶಿ’ ಕಾಲು. ಹೌದು ಅನ್ನಲು ‘ಹಯ್’ ಅನ್ನಬೇಕು. ಇಡೀ ತರಗತಿ ಒಕ್ಕೊರಲಿನಿಂದ ‘ಅಯ್’ ಅಂದರೆ ಪರದೆಯ ಆ ಕಡೆ ಶಿಕ್ಷಕಿಗೆ ‘ಪ್ರೀತಿ’ ಅಂತ ಕೇಳಿಸುತ್ತದೆ. ಮಕ್ಕಳು ನಗುತ್ತಾರೆ, ಆದರೆ ನಗಿಸಿ ಬಿಟ್ಟರೆ ಸರಿಯಾಗುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ತಾಗುತ್ತದೋ ನೋಡುವ ಅಭ್ಯಾಸ ಎರಡು ವಾರ ಮಾಡಿಸಬೇಕು. ಇದನ್ನು ಕೊಠಡಿಯಲ್ಲಿರುವ ಶಿಕ್ಷಕರೇ ನೋಡಬೇಕು, ಕಂಪ್ಯೂಟರಿನ ಮೈಕಿನಲ್ಲಿ ಹಕಾರ ಮೊದಲೇ ಅರ್ಧ ಸತ್ತಿರುತ್ತದೆ.

ಉಳಿದಂತೆ ಕನ್ನಡ ಲಿಪಿ ದೊಡ್ಡ ಆಸ್ತಿ. ಬಹಳ ಕಡೆ ಮೊದಲ ವಾರಗಳಲ್ಲಿ ಜಪಾನಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸುತ್ತಾರೆ. ಅದರಿಂದ ‘ದೆಸ್’ ಹೋಗಿ ‘ಡೆಸು’ ಆಗುತ್ತದೆ, ‘ತ’ ಎಲ್ಲ ‘ಟ’ ಆಗುತ್ತದೆ, ದೀರ್ಘ ಮಾಯವಾಗುತ್ತದೆ. ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ‘ಕಿತೆ’ ಬಾ, ‘ಕಿತ್ತೆ’ ಅಂಚೆಚೀಟಿ. ಹ್ರಸ್ವ, ದೀರ್ಘ, ದ್ವಿತ್ವ ಮೂರೂ ಕನ್ನಡದ ಮಗುವಿಗೆ ಒಂದನೇ ತರಗತಿಯಿಂದ ಬಂದವು. ಐದು ವಾರ ಕನ್ನಡದಲ್ಲಿ ಬರೆದುಕೊಳ್ಳಲಿ, ಆರನೇ ವಾರದಿಂದ ಕಲಿತಷ್ಟು ಅಕ್ಷರಗಳಿಗೆ ಜಪಾನಿಯ ಮೊದಲ ಲಿಪಿಯಾದ ಹಿರಗಾನ ಮಾತ್ರ. ಅವಧಿ ಇನ್ನೂ ಎಳೆದರೆ ಮಗು ಹಿರಗಾನ ಓದುವುದನ್ನೇ ಬಿಟ್ಟು ಕನ್ನಡವನ್ನೇ ಓದುತ್ತಿರುತ್ತದೆ.

ಹಿರಗಾನದ ಮೂಲಾಕ್ಷರ 46. ಶನಿವಾರಕ್ಕೆ ಐದರಂತೆ ಹತ್ತು ಶನಿವಾರ. ಅಕ್ಷರಗಳ ಕ್ರಮ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತದ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋದದ್ದು. ‘ಹ’ ಸಾಲು ಪವರ್ಗದ ಜಾಗದಲ್ಲಿ ನಿಂತಿರುವುದು ಅದು ಹಿಂದೆ ‘ಪ’ ಆಗಿದ್ದರಿಂದ. ಈಗಲೂ ‘ಹ’ಗೆ ಎರಡು ಗೀಟು ಹಾಕಿದರೆ ‘ಬ’, ಸಣ್ಣ ಸೊನ್ನೆ ಹಾಕಿದರೆ ‘ಪ’. ಇದನ್ನು ಹೇಳಿಕೊಟ್ಟರೆ ಕ್ರಮ ಒಂದೇ ದಿನಕ್ಕೆ ಬಾಯಿಪಾಠ, ಗೀಟು ಸೊನ್ನೆಗಳ ಇನ್ನೂ 25 ಅಕ್ಷರ ಬಿಟ್ಟಿಯಾಗಿ ಬರುತ್ತವೆ. ತೊಡಕು ಬೇರೆ ಕಡೆ ಇದೆ. ಮಕ್ಕಳು ಕಾಗುಣಿತ ಹುಡುಕುತ್ತಾರೆ. ಕ, ಕಿ, ಕು, ಕೆ, ಕೊ ಐದಕ್ಕೂ ಒಂದಕ್ಕೊಂದು ಸಂಬಂಧವಿಲ್ಲದ ಆಕಾರ ಅಂತ ತಿಳಿದಾಗ ಮೂರನೇ ವಾರದ ಸುಸ್ತು ಶುರು. ಅದೇ ಹೊತ್ತಿಗೆ ಅನಿಮೆಯವರೂ ಸೋತಿರುತ್ತಾರೆ, ಬಿಡುವವರು ಹೆಚ್ಚು ಇಲ್ಲೇ ಬಿಡುವುದು. ‘ನು–ಮೆ’, ‘ರು–ರೊ’, ‘ಸ–ಕಿ–ಚಿ’, ‘ನೆ–ರೆ–ವ’ ಇವು ನೋಡಲು ಒಂದೇ ತರಹ. ಇವನ್ನು ಅಕ್ಕಪಕ್ಕ ಇಟ್ಟು ಒಂದೇ ದಿನ ಹೋಲಿಸಿ ತೋರಿಸಬಾರದು, ಒಂದು ಕೈಗೆ ಕೂತ ಮೇಲೆ ಇನ್ನೊಂದು. ಬರೆಯಲು ಗಣಿತದ ಚೌಕುಳಿ ನೋಟ್‌ಬುಕ್ ತರಿಸಿ ನಾಲ್ಕು ಚೌಕಕ್ಕೆ ಒಂದು ಅಕ್ಷರ. ಕನ್ನಡದ ದುಂಡು ಕೈ ಪೆನ್ನು ಎತ್ತದೆ ಸುತ್ತುತ್ತದೆ. ಇಲ್ಲಿ ಗೀಟು ಗೀಟಾಗಿ ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎತ್ತಿ ಎತ್ತಿ ಬರೆಯಬೇಕು. ಈ ಶಿಸ್ತು ಈಗ ಬಾರದಿದ್ದರೆ ಮುಂದೆ ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಚಿತ್ರಾಕ್ಷರಗಳಲ್ಲಿ, ಕೈ ಕಟ್ಟಿಹಾಕಿದಂತೆ ಆಗುತ್ತದೆ.

ಜೂನ್‌ನಲ್ಲಿ ಶುರುವಾದರೆ ದಸರಾ ರಜೆಯೊಳಗೆ ಹಿರಗಾನ ಮುಗಿದು ಮೂರು ನಾಲ್ಕು ಶನಿವಾರ ಪುನರಾವರ್ತನೆಗೆ ಸಿಗಬೇಕು. ರಜೆಗೆ ಮುಂಚೆ ಕತಕಾನ, ಅಂದರೆ ಹೊರಗಿನ ಹೆಸರು, ಪದಗಳನ್ನು ಬರೆಯುವ ಇನ್ನೊಂದು ಲಿಪಿ ಶುರು ಮಾಡಿದ ತರಗತಿ ರಜೆ ಮುಗಿಸಿ ಬಂದಾಗ ಎರಡನ್ನೂ ಕಲಸಿಕೊಂಡಿರುತ್ತದೆ. ಒಂದು ರಿಯಾಯಿತಿ ಇರಲಿ: ಪ್ರತಿ ಮಗುವಿಗೂ ಅದರ ಹೆಸರನ್ನು ಮೊದಲ ದಿನವೇ ಕತಕಾನದಲ್ಲಿ ಬರೆದುಕೊಡಬೇಕು. ಲಕಾರವಿಲ್ಲದ್ದರಿಂದ ಲಕ್ಷ್ಮಿ ‘ರಕುಶುಮೀ’ ಆಗುತ್ತಾಳೆ, ‘ವಿ’ ಇಲ್ಲದ್ದರಿಂದ ವಿನಯ ‘ಬಿನಯ್’ ಆಗುತ್ತಾನೆ. ಆ ಚೀಟಿ ನೋಟ್‌ಬುಕ್ಕಿನ ರಟ್ಟಿನ ಮೇಲೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ತಂಗಿಯ ಹೆಸರೂ ಬೇಕು ಅಂತ ಕೇಳಿಕೊಂಡು ಬರುವ ಮಗು ಸಾಮಾನ್ಯವಾಗಿ ವರ್ಷವಿಡೀ ಉಳಿಯುತ್ತದೆ.

ಅಂಕವಿಲ್ಲದ ಭಾಷೆಗೆ ಕಣ್ಣಿಗೆ ಕಾಣುವ ಮುಂದಿನ ಮೆಟ್ಟಿಲೂ ಬೇಕು, ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಉತ್ಸಾಹ ಇಳಿಯುತ್ತದೆ. ಇಲ್ಲಿ ಆ ಮೆಟ್ಟಿಲು ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್5, ಐದು ಹಂತಗಳಲ್ಲಿ ಎಲ್ಲಕ್ಕಿಂತ ಕೆಳಗಿನದು. ವಯಸ್ಸಿನ ನಿರ್ಬಂಧವಿಲ್ಲ, ಮಂಡ್ಯಕ್ಕೆ ಹತ್ತಿರದ ಕೇಂದ್ರ ಬೆಂಗಳೂರು. ಎಲ್ಲವೂ ಆಯ್ಕೆ ಪ್ರಶ್ನೆಗಳು, ಮಾತನಾಡುವ ಪರೀಕ್ಷೆ ಇಲ್ಲ. ಒಟ್ಟು 180ಕ್ಕೆ 80 ಬಂದರೆ ಪಾಸು, ಆದರೆ ಭಾಷಾಜ್ಞಾನ ಮತ್ತು ಓದಿನ 120ರಲ್ಲಿ 38, ಆಲಿಸುವಿಕೆಯ 60ರಲ್ಲಿ 19 ಪ್ರತ್ಯೇಕವಾಗಿ ಬರಲೇಬೇಕು. ಒಟ್ಟು 95 ಬಂದು ಆಲಿಸುವಿಕೆಯಲ್ಲಿ 17 ಆದರೆ ಫೇಲು. ಬರೆದು ಬರೆದು ಕಲಿತ ಮಕ್ಕಳು ಎಡವುವುದು ಅಲ್ಲೇ, ಹಾಗಾಗಿ ಪ್ರತಿ ಶನಿವಾರದ ಕೊನೆಯ ಕಾಲು ಗಂಟೆ ಪುಸ್ತಕ ಮುಚ್ಚಿಸಿ ಕೇಳಿಸುವುದಕ್ಕೇ ಮೀಸಲು. ಜಪಾನ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯಾದ ಜಪಾನ್ ಫೌಂಡೇಶನ್ ಧ್ವನಿಯ ಜೊತೆ ಪಾಠಗಳನ್ನು ಉಚಿತವಾಗಿ ಕೊಡುತ್ತದೆ.

ಎನ್5ಕ್ಕೆ ಸುಮಾರು 800 ಪದ, 100 ಕಾಂಜಿ ಅಂತ ರೂಢಿಯ ಲೆಕ್ಕ. ಇದು ಒಂದು ವರ್ಷದಲ್ಲಿ ಆಗದು. 8ನೇ ತರಗತಿಯ ಜೂನ್‌ನಿಂದ 9ನೇ ತರಗತಿಯ ಡಿಸೆಂಬರ್‌ವರೆಗೆ ರಜೆ ಕಳೆದು ಐವತ್ತು ಶನಿವಾರ ಹಿಡಿದರೆ ವಾರಕ್ಕೆ 16 ಪದ. ಕಾಂಜಿಯನ್ನು ಮೊದಲ ವರ್ಷದ ಜನವರಿಯಿಂದ ಹಿಡಿದು ವಾರಕ್ಕೆ ಮೂರು. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ಅರ್ಜಿಯ ಗಡುವು ತಿಂಗಳುಗಳ ಮೊದಲೇ ಮುಗಿಯುತ್ತದೆ. 9ನೇ ತರಗತಿಯ ಗಡುವು ತಪ್ಪಿದರೆ ಮುಂದಿನದು 10ನೇ ತರಗತಿಯ ನಡುವೆ ಬಂದು ಬೀಳುತ್ತದೆ, ಆಗ ಯಾವ ಮನೆಯಲ್ಲೂ ಕಳಿಸುವುದಿಲ್ಲ. ಕಳಿಸಬೇಕು ಅಂತ ವಾದಿಸುವುದೂ ಸರಿಯಲ್ಲ.

ನಡುವೆ ನಿಲ್ಲಿಸುವುದರ ಬಗ್ಗೆ ಒಂದು ಮಾತು. 2014ರ ಕೊನೆಯಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ 6ರಿಂದ 8ನೇ ತರಗತಿಗೆ ಮೂರನೇ ಭಾಷೆಯಾಗಿದ್ದ ಜರ್ಮನ್ ಅನ್ನು ಶೈಕ್ಷಣಿಕ ವರ್ಷದ ನಡುವೆಯೇ ತೆಗೆದು ಸಂಸ್ಕೃತ ತರಲಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಕಾರಣ ದೊಡ್ಡ ಮಟ್ಟದ್ದು. ಊರಿನ ಶಾಲೆಯಲ್ಲಿ ಶಿಕ್ಷಕಿಗೆ ಬೇರೆ ಕೆಲಸ ಸಿಕ್ಕರೆ ಅಥವಾ ಇಂಟರ್ನೆಟ್ ಬಿಲ್ಲು ಕಟ್ಟದಿದ್ದರೆ ಸಾಕು, ಅದೇ ಫಲ. ಎರಡು ವರ್ಷದ ಶಿಕ್ಷಕರು, ಸಂಪರ್ಕ, ಪರೀಕ್ಷಾ ಶುಲ್ಕದ ದಾರಿ ಇವು ಖಾತ್ರಿಯಾಗದೆ ಜೂನ್‌ನಲ್ಲಿ ಬೋರ್ಡು ಹಾಕಬಾರದು.

ಮನೆಯವರ ಕೆಲಸದ ಪ್ರಶ್ನೆಗೂ ನೇರ ಉತ್ತರ ಕೊಡಬೇಕಾಗುತ್ತದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಮಾಡಿಕೊಂಡ ಒಪ್ಪಂದದಂತೆ ನಿರ್ದಿಷ್ಟ ಕೌಶಲದ ಕೆಲಸಗಾರರಾಗಿ ಹೋಗಲು 18 ವರ್ಷ ತುಂಬಿರಬೇಕು, ಕೌಶಲ ಪರೀಕ್ಷೆಯ ಜೊತೆಗೆ ಎನ್5ಕ್ಕಿಂತ ಒಂದು ಮೆಟ್ಟಿಲು ಮೇಲಿನ ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಎಂಬ ಇನ್ನೊಂದು ಜಪಾನಿ ಪರೀಕ್ಷೆ ಪಾಸಾಗಿರಬೇಕು. ಎನ್5 ಪ್ರಮಾಣಪತ್ರ ತೋರಿಸಿ ವೀಸಾ ಮಾಡಿಸುತ್ತೇನೆ ಅಂತ ದುಡ್ಡು ಕೇಳುವವರು ಬಂದರೆ ಬಾಗಿಲು ಹಾಕಿಕೊಳ್ಳಬೇಕು, ಇದನ್ನು ಪೋಷಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. 10ನೇ ತರಗತಿಗೆ ಹೋದ ಮೇಲೆ ಶನಿವಾರದ ಪಾಠ ನಿಲ್ಲುತ್ತದೆ, ಅಲ್ಲಿ ಸ್ಪೆಷಲ್ ಕ್ಲಾಸ್ ಇರುತ್ತದೆ. ಗುರುವಾರದ ಹತ್ತು ನಿಮಿಷದ ಉಕ್ತಲೇಖನಕ್ಕೆ ಮಾತ್ರ ಹಳಬರನ್ನು ಎಂಟನೇ ತರಗತಿಯವರ ಜೊತೆ ಕೂರಿಸುತ್ತಾರೆ, ಪದಗಳನ್ನು ಹೇಳಿ ಬರೆಸುವ ಕೆಲಸ ಅವರದೇ.